ಬಿಳಿ ಜೀಪಿನ ಡೀಸೆಲ್ ಮುಳ್ಳು

ನವೆಂಬರ್ 18, ಸೋಮವಾರ

ಬೆಳಿಗ್ಗೆ ಮೂರು ಗಾಡಿ. ಹಂಪಿಗೆ ಟೂರಿಸ್ಟ್ ಒಯ್ಯುವ ಆಟೊ — ಒತ್ತದಿದ್ದರೂ ಹಾರ್ನ್ ಕೂಗುತ್ತಿತ್ತು. ವೈರ್ ಸವೆದು ಗಾಡಿಯ ತಗಡಿಗೆ ತಾಗಿತ್ತು, ಟೇಪ್ ಸುತ್ತಿ ಕಳಿಸಿದೆ. ಒಂದು ಟ್ರ್ಯಾಕ್ಟರ್, ಚಾರ್ಜಿಂಗ್ ಇಲ್ಲ. ಮೂರನೆಯದು ಸಂಡೂರಿನ ಉಜ್ಜಿನಪ್ಪ ಸಾವುಕಾರರ ಬಿಳಿ ಜೀಪು. ಗಣಿ ಆಫೀಸರ್‌ಗಳನ್ನು ಗುಡ್ಡಕ್ಕೆ ಹತ್ತಿಸಿ ಇಳಿಸುವ ಗಾಡಿ. ತಂದವನು ಡ್ರೈವರ್ ಗಾಳೆಪ್ಪ. ನನ್ನ ತವರು ಚೋರನೂರಿನವನು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಒಡಹುಟ್ಟಿದವನಲ್ಲ, ಆದರೂ ಮಾತು ಬಂದಾಗಿನಿಂದ ಅಕ್ಕ ಅನ್ನುತ್ತಾನೆ.

ಕಂಪ್ಲೇಂಟು: ಇಂಡಿಕೇಟರ್ ಹಾಕಿದರೆ ಡೀಸೆಲ್ ಮುಳ್ಳು ಕುಣಿಯುತ್ತದೆ. ಹೆಡ್‌ಲೈಟ್ ಹಾಕಿದರೆ ಫುಲ್ ಇದ್ದದ್ದು ಅರ್ಧಕ್ಕೆ ಬೀಳುತ್ತದೆ. ಬ್ಯಾಟರಿ ಲೈಟು, ಆಯಿಲ್ ಲೈಟು, ಇಂಜಿನ್ ಲೈಟು ಒಂದಾದ ಮೇಲೊಂದು ಮಿಣುಕಿ ಆರುತ್ತವೆ. ಇಂಜಿನ್ನಿಗೆ ಏನೂ ಆಗಿಲ್ಲ.

ಯಜಮಾನರ ಕಣ್ಣಿಗೆ ಪೊರೆ ಬಂದ ಮೇಲೆ ನಮ್ಮ ವೈರಿಂಗ್ ಅಂಗಡಿಯಲ್ಲಿ ಕೈ ನನ್ನದು, ಕಿವಿ ಇವರದು. ಸ್ಟೂಲ್ ಮೇಲೆ ಕೂತು ರಿಲೇ ಸದ್ದು ಕೇಳಿಯೇ ಹೇಳಿಬಿಡುತ್ತಾರೆ. ಮೀಟರ್ ಬೋರ್ಡ್ ಬಿಚ್ಚು ಅಂದರು. ಬಿಚ್ಚಿದೆ. ಹಿಂದಿನ ಸಾಕೆಟ್ಟಿನ ಪಿನ್ನುಗಳು ಕಪ್ಪಾಗಿದ್ದವು. ಒರೆಸಿ ಕೂರಿಸಿದೆ. ಮುಳ್ಳು ನಿಂತಿತು.

ಸಾವುಕಾರ್ರು ರಸ್ತೆ ನೋಡೋದು ಬಿಟ್ಟು ಮುಳ್ಳು ನೋಡ್ತಾರೆ, ಅದು ಬಿದ್ದಷ್ಟು ಡೀಸೆಲ್ ನಾನೇ ಕುಡಿದೆ ಅಂತಾರೆ ಎಂದು ಗಾಳೆಪ್ಪ ನಕ್ಕ. ನಗು ಪೂರ್ತಿ ಬರಲಿಲ್ಲ. ಕಿವಿಯ ಹಿಂದೆ ಒಣಗಿದ ರಕ್ತದ ಗೆರೆ ಇತ್ತು. ಕೇಳಿದೆ. ಜೀಪಿನ ಬಾಗಿಲು ಬಡಿಯಿತು ಅಂದ.

ಹೆಡ್‌ಲೈಟು, ಬ್ಲೋವರ್, ವೈಪರ್ ಎಲ್ಲ ಒಟ್ಟಿಗೆ ಹಾಕಿ ನೋಡಬೇಕಿತ್ತು. ನೋಡಲಿಲ್ಲ. ಟ್ರ್ಯಾಕ್ಟರಿನವನು ಒದರುತ್ತಿದ್ದ. ಹಾಗೇ ಕಳಿಸಿದೆ.

ನ. 20, ಬುಧವಾರ, ಸಂಜೆ 5

ಅಂಗಡಿ ಬೇಗ ಮುಚ್ಚಿದೆ. ಆದದ್ದನ್ನು ಬರೆದಿಡುತ್ತೇನೆ.

ಮಧ್ಯಾಹ್ನ ಜೀಪು ವಾಪಸ್. ಈ ಸಲ ಸಾವುಕಾರರೂ ಜೊತೆಗೆ. ಇಳಿದವರೇ ಗಾಳೆಪ್ಪನ ಕಾಲರ್ ಹಿಡಿದು ಮೀಟರ್ ಮುಂದೆ ಬಗ್ಗಿಸಿದರು. ಬೆಳಿಗ್ಗೆ ಬಂಕಿನಲ್ಲಿ ಫುಲ್ ಮಾಡಿಸಿದ್ದು, ಹೊಸಪೇಟೆಗೆ ಬರುವಷ್ಟರಲ್ಲಿ ಅರ್ಧ. ಎಲ್ಲಿ ಮಾರಿದೆ ಎಂದು ಕೇಳಿದರು. ಮೀಟರ್ ಸುಳ್ಳು ತೋರಿಸುತ್ತದೆ, ಟ್ಯಾಂಕಿಗೆ ಕೋಲು ಇಳಿಸಿ ನೋಡಿರಿ ಎಂದ ಗಾಳೆಪ್ಪ. ತಪ್ಪು ಮಾತೇನಲ್ಲ.

"ನನ್ನ ಗಾಡಿಗೆ ನಾನು ಕೋಲು ಹಿಡ್ಕೊಂಡು ನಿಂದ್ರಬೇಕೇನಲೇ?"

ನನ್ನ ಹಲಗೆ ಮೇಲಿದ್ದ ಚಕ್ರ ಬಿಚ್ಚುವ ಪಾನಾ ತೆಗೆದುಕೊಂಡರು. ಗಾಳೆಪ್ಪನ ಬಲಗೈ ಬಾನೆಟ್ ಮೇಲಿತ್ತು. ಒಂದೇ ಏಟು. ಕಬ್ಬಿನ ಗಣಿಕೆ ಮುರಿದ ಸದ್ದು. ಎರಡು ಬೆರಳು ಹಿಂದಕ್ಕೆ ತಿರುಗಿ ನಿಂತವು. ಅವನು ಕೂಗಲಿಲ್ಲ. ನೆಲಕ್ಕೆ ಕುಸಿದು, ಕೈಯನ್ನು ಎದೆಗೆ ಒತ್ತಿಕೊಂಡು, ನಾಯಿಯ ಹಾಗೆ ಉಸಿರು ಬಿಟ್ಟ. ಸ್ಟೂಲ್ ಮೇಲಿಂದ ಇವರು ಕೇಳಿದರು —

"ಏನು ಮುರೀತು? ಯಾವ ಪಾರ್ಟು?"



ನಾನು ಟೆಸ್ಟ್ ಲ್ಯಾಂಪ್ ಹಿಡಿದು ನಿಂತೇ ಇದ್ದೆ. ಸಾವುಕಾರರು ಕಿಟಕಿಯಿಂದ ಕೈ ಹಾಕಿ, ಗಣಿ ಧೂಳಿಗೆಂದು ಹಾಕಿದ್ದ ಹೆಡ್‌ಲೈಟ್ ಆಫ್ ಮಾಡಿ ಇತ್ತ ತಿರುಗಿದರು. ಅವರ ಬೆನ್ನ ಹಿಂದೆ ಮುಳ್ಳು ಮೆಲ್ಲಗೆ ಏರಿ ಫುಲ್‌ಗೆ ಹೋಗಿ ನಿಂತಿತು. ನೋಡಿದವಳು ನಾನೊಬ್ಬಳೇ. ನೋಡ್ರಿ ಅನ್ನಲು ಬಾಯಿ ತೆರೆದೆ. ಮತ್ತೆ ಮುಚ್ಚಿದೆ. ಅವರ ಕೈಯಲ್ಲಿ ಪಾನಾ ಇತ್ತು.

"ಎರಡು ದಿನ ಟೈಮ್, ಹೊಳೆಮ್ಮ. ತಪ್ಪು ಗಾಡೀದೋ ಇವಂದೋ, ಹುಡುಕಿ ಹೇಳು. ಇವಂದಾದ್ರ ಇನ್ನೊಂದು ಕೈ ಐತಿ."

ಪಾನಾ ತೊಳೆದೆ. ಅಂಟಿದ ರಕ್ತ ಬಿಡಿಸಲು ಪೆಟ್ರೋಲ್ ಬೇಕಾಯಿತು.

ನ. 21, ಗುರುವಾರ

ಬೆಳಿಗ್ಗೆ ಸ್ನಾನ, ಹುಲಿಗೆಮ್ಮನ ಫೋಟೊಗೆ ದೀಪ, ನೇರ ಜೀಪಿಗೆ.

ಮಲ್ಟಿಮೀಟರಿನ ಒಂದು ಕಡ್ಡಿ ಮೀಟರ್ ಬೋರ್ಡಿನ ಅರ್ತ್ ವೈರಿಗೆ, ಇನ್ನೊಂದು ಬ್ಯಾಟರಿಯ ಮೈನಸ್‌ಗೆ. ಎಲ್ಲ ಆಫ್ ಇದ್ದಾಗ ಸೊನ್ನೆ. ಹೆಡ್‌ಲೈಟ್ ಹಾಕಿದೆ — ಒಂದೂವರೆ ವೋಲ್ಟ್. ಬ್ಲೋವರ್ ಹಾಕಿದೆ — ಎರಡೂವರೆ. ಅಲ್ಲಿ ಏನೂ ತೋರಿಸಬಾರದು. ಕರೆಂಟಿಗೆ ವಾಪಸ್ ಹೋಗುವ ದಾರಿ ಕೆಟ್ಟಿದೆ, ಅದಕ್ಕೇ ಮುಳ್ಳುಗಳನ್ನು ಎಳೆದಾಡುತ್ತಿದೆ. ಒಂದು ಉದ್ದ ವೈರಿನಲ್ಲಿ ಬ್ಯಾಟರಿ ಮೈನಸ್‌ನಿಂದ ಮೀಟರ್ ಬೋರ್ಡಿಗೆ ನೇರ ಅರ್ತ್ ಕೊಟ್ಟೆ. ಮುಳ್ಳು ಫುಲ್‌ಗೆ ಹೋಗಿ ಕಲ್ಲಿನ ಹಾಗೆ ನಿಂತಿತು. ಮಿಣುಕುವ ಲೈಟೆಲ್ಲ ಆರಿದವು. ಟ್ಯಾಂಕಿಗೆ ಕೋಲನ್ನೂ ಇಳಿಸಿದೆ. ತುಂಬಿತ್ತು. ಗಾಳೆಪ್ಪ ಒಂದು ಹನಿ ಮುಟ್ಟಿಲ್ಲ.

ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ, ಭಾಳ ಖುಷಿಯಾಯಿತು.

ಅರ್ತಿನ ಕಪ್ಪು ವೈರ್ ಹಿಡಿದು ಹೋದೆ. ಮುಂದಿನ ಎಡ ಸೀಟಿನ ಕಾಲಿಡುವ ಜಾಗಕ್ಕೆ ಇಳಿದಿತ್ತು. ಅಲ್ಲಿಯ ಮ್ಯಾಟು ಹಸಿ. ಪಕ್ಕದ ಪ್ಲಾಸ್ಟಿಕ್ ಕಿತ್ತೆ. ಹತ್ತು ಎಂಎಂ ಅರ್ತ್ ಬೋಲ್ಟು, ಐದು ವೈರು ಒಂದೇ ರಿಂಗಿಗೆ. ರಿಂಗ್ ಹಸಿರುಗಟ್ಟಿ ಹುಡಿಯಾಗಿತ್ತು. ಹಸಿರಿನ ಮೇಲೆ ಕೆಂಪು. ತುಕ್ಕು ಅಂದುಕೊಂಡೆ. ಬೆರಳಿಗೆ ಹತ್ತಿಸಿಕೊಂಡು ಬೆಳಕಿಗೆ ಹಿಡಿದೆ. ಕುಂಕುಮ. ಮೂಸಿದೆ. ಹುಳಿತ ಕಾಯಿನೀರು.

ಮುಂದಿನ ಗಾಜಿನ ಬುಡದ ಜಾಲರಿ ಎತ್ತಿದೆ. ಚೆಂಡು ಹೂವಿನ ಎಸಳು, ಅರಿಶಿನ ಅಕ್ಕಿ, ಎಲೆಯ ತೊಟ್ಟು — ಕೊಳೆತು ಕೆಸರಾಗಿ, ನೀರು ಹೊರಗೆ ಹೋಗುವ ತೂತು ಮುಚ್ಚಿತ್ತು. ಕೆಳಗೆ ಬೀಳಬೇಕಾದದ್ದೆಲ್ಲ ಒಳಗೆ ಇಳಿದು ಬೋಲ್ಟಿನ ಮೇಲೆ ತೊಟ್ಟಿಕ್ಕಿದೆ.

ಎರಡು ವರ್ಷದಿಂದ ಪ್ರತಿ ಅಮಾವಾಸ್ಯೆಗೆ ಈ ಜೀಪು ನನ್ನ ಬಾಗಿಲಿಗೆ ಪೂಜೆಗೆ ಬರುತ್ತದೆ. ನನ್ನ ಕೈಗುಣ ಒಳ್ಳೆಯದು ಅಂತ. ಬೇರೆಯವರು ಚಕ್ರದ ಮುಂದೆ ನೆಲಕ್ಕೆ ಕಾಯಿ ಒಡೆಯುತ್ತಾರೆ. ನಾನು ಮಾತ್ರ ಒಡೆದ ಎರಡೂ ಹೋಳಿನ ನೀರನ್ನು ಗಾಜಿನ ಬುಡಕ್ಕೆ ಸುರಿಯುತ್ತೇನೆ, ಮೇಲೆ ಕುಂಕುಮದ ನೀರು. ಅದು ಗಾಡಿಯ ಹಣೆ ಅಂತ ನಾನೇ ಮಾಡಿಕೊಂಡ ಪದ್ಧತಿ. ಬೇರೆ ಯಾರೂ ಹಾಗೆ ಮಾಡುವುದಿಲ್ಲ.

ಇವರು ಬೋಲ್ಟ್ ಮುಟ್ಟಿ, ಬೆರಳು ಮೂಸಿದರು. ಆಮೇಲೆ —

"ಬಾಯಿ ಮುಚ್ಕೊಂಡು ಉಜ್ಜು. ಅಮ್ಮನ ಪೂಜಿ ನೀರಿಗೆ ಗಾಡಿ ಕೆಡ್ತು ಅಂದ್ರ ನಾಳಿಂದ ಒಂದು ಸೈಕಲ್ಲೂ ಈ ಬಾಗಲಿಗೆ ಬರಂಗಿಲ್ಲ."

ಉಜ್ಜಿದೆ. ಹೊಸ ರಿಂಗ್, ಗ್ರೀಸ್. ಎಲ್ಲ ಲೈಟ್ ಹಾಕಿ ನೋಡಿದೆ, ಸೊನ್ನೆ. ಹಳೇ ರಿಂಗನ್ನು ಕುಂಕುಮದ ಕರಡಿಗೆಯಲ್ಲಿ ಇಟ್ಟೆ.

ನಾಲ್ಕಕ್ಕೆ ಸಾವುಕಾರರ ಫೋನ್. ತಪ್ಪು ಗಾಡಿಯದೇ, ಟ್ಯಾಂಕ್ ತುಂಬಿದೆ, ಅರ್ತ್ ಬೋಲ್ಟಿಗೆ ನೀರು ಇಳಿದು ಮೀಟರ್ ಕೆಟ್ಟಿತ್ತು ಅಂದೆ. ನೀರು ಎಲ್ಲಿಂದ ಬಂತು ಎಂದು ಕೇಳಿದರು. ನಾಲಿಗೆ ಏಳಲಿಲ್ಲ. ಗಾಡಿ ತೊಳೆಯುವವನು ಯಾರು ಎಂದು ಕೇಳಿದರು. ತೊಳೆಯುವವನೂ ಗಾಳೆಪ್ಪನೇ, ಅದು ಅವರಿಗೂ ಗೊತ್ತು. "ಅಂದ್ರ ಪೈಪ್ ಬಿಟ್ಟು ಮೀಟರ್ ಕೆಡಿಸ್ಯಾನ. ಇವತ್ತು ತುಂಬಿರಬಹುದು. ಇಷ್ಟು ದಿನ ಎಷ್ಟು ಮಾರ್ಯಾನೋ," ಅಂದರು. ಅಲ್ಲ ಅನ್ನಬೇಕಿತ್ತು. ಫೋನ್ ಕಟ್ ಆಯಿತು. ನಾನು ತಿರುಗಿ ಮಾಡಲಿಲ್ಲ.

ನ. 22, ಶುಕ್ರವಾರ

ಉಪವಾಸ. ಹುಲಿಗಿಗೆ, ಹುಲಿಗೆಮ್ಮನ ಗುಡಿಗೆ ಹೋಗಿ ಬಂದೆ. ಅಮ್ಮನ ಮುಂದೆ ನಿಂತು ಏನು ಕೇಳಬೇಕೋ ತಿಳಿಯಲಿಲ್ಲ. ನೀರು ನಿನ್ನದು, ಸುರಿದ ಕೈ ನನ್ನದು ಅಂದೆ. ಹಿಂದಿನವರು ನೂಕಿದರು.

ಸಾವುಕಾರರ ಹೊಸ ಡ್ರೈವರ್ ಬಂದು ಜೀಪು ಒಯ್ದನಂತೆ.

ನ. 25, ಸೋಮವಾರ

ಗಾಳೆಪ್ಪನ ಹೆಂಡತಿ ಗಾಯತ್ರಿ ಬಂದಳು. ಕೂರು ಅಂದರೂ ಕೂರಲಿಲ್ಲ. ನಿಂತೇ ಹೇಳಿದಳು.

ಶನಿವಾರ ಬೆಳಿಗ್ಗೆ ಲೆಕ್ಕ ಮುಗಿಸು ಬಾ ಎಂದು ಉಜ್ಜಿನಪ್ಪ ಅವನನ್ನು ಗಾಡಿ ನಿಲ್ಲಿಸುವ ಶೆಡ್ಡಿಗೆ ಕರೆಸಿದ್ದಾನೆ. ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡೇ ಹೋಗಿದ್ದಾನೆ. ಒಳಗೆ ಮೂವರಿದ್ದರಂತೆ. ಗಾಡಿ ತೊಳೆಯುವ ಪೈಪು ಅವನ ಬಾಯಿಗೆ ತುರುಕಿ ಪಂಪ್ ಆನ್ ಮಾಡಿದ್ದಾರೆ. ಗಾಡಿಗೆ ಕುಡಿಸಿದೆಯಲ್ಲ, ನೀನೂ ಕುಡಿ ಅಂತ. ಹೊಟ್ಟೆ ಉಬ್ಬಿದ ಮೇಲೆ ಹೊಟ್ಟೆಯ ಮೇಲೆ ನಿಂತಿದ್ದಾರೆ. ಮೂಗಿನಲ್ಲಿ ನೀರು, ಆಮೇಲೆ ರಕ್ತ. ಮೊಣಕಾಲಿಗೆ ಜಾಕ್ ರಾಡ್. ರಸ್ತೆ ಪಕ್ಕ ಬಿಸಾಕಿದವನನ್ನು ಲಾರಿಯವರು ನೋಡಿ ಹೊಸಪೇಟೆಗೆ ತಂದಿದ್ದಾರೆ.

ಆಸ್ಪತ್ರೆಗೆ ಹೋದೆ. ಮುಖ ಗುರುತು ಸಿಗಲಿಲ್ಲ. ದವಡೆಗೆ ತಂತಿ ಕಟ್ಟಿದ್ದಾರೆ. ಹಲ್ಲಿನ ಸಂದಿಯಿಂದ ಮಾತು ಬಂತು.

"ಅಕ್ಕಾ... ನೀರು ಅಂತ ನೀ ಹೇಳಿದ್ಯಂತಲ್ಲ."

ಬೈಗುಳವಲ್ಲ. ಕೇಳಿದ ಅಷ್ಟೇ. ಹೌದೋ ಅಲ್ಲವೋ ತಿಳಿಯಬೇಕಿತ್ತು ಅವನಿಗೆ.

ಎಳನೀರು ಒಯ್ದಿದ್ದೆ. ಕೈಯಲ್ಲಿ ಹಿಡಿದೇ ಹೊರಗೆ ಬಂದು ಗೇಟಿನ ಹತ್ತಿರ ಇಟ್ಟುಬಂದೆ.

ಉಜ್ಜಿನಪ್ಪ ಮೊದಲೇ ಪೊಲೀಸರಿಗೆ ಬರೆದುಕೊಟ್ಟಿದ್ದಾನಂತೆ, ಡ್ರೈವರ್ ಡೀಸೆಲ್ ಕದ್ದ, ಸಿಕ್ಕಿಬಿದ್ದಾಗ ಓಡಲು ಹೋಗಿ ಬಿದ್ದ ಅಂತ. ಹಾಸಿಗೆಯಿಂದ ಎದ್ದರೆ ಗಾಳೆಪ್ಪ ನೇರ ಜೈಲಿಗೆ.

ನ. 27, ಬುಧವಾರ, ಮಧ್ಯಾಹ್ನ 3

ಕಂಪ್ಲಿಯಿಂದ ಎರ್ರಿಯಪ್ಪ ಬಂದಿದ್ದ. ಗಾಳೆಪ್ಪನ ಅಣ್ಣ. ಅಲ್ಲಿ ಕಬ್ಬು ಕಡಿಯುವ ಗ್ಯಾಂಗಿನ ಮೇಸ್ತ್ರಿ. ಗೋಣಿಯಲ್ಲಿ ಮಚ್ಚು ಸುತ್ತಿಕೊಂಡು ಬಂದಿದ್ದ, ಕಂಕುಳಲ್ಲಿ ಕೊಡೆ ಇಟ್ಟುಕೊಂಡ ಹಾಗೆ. ಸಂಡೂರಿಗೆ ಹೊರಟಿದ್ದೀನಿ, ಹೋಗುವ ಮೊದಲು ಒಂದೇ ಮಾತು ಬೇಕು, ನನ್ನ ತಮ್ಮ ಮಾಡಿದ್ದಾನೋ ಇಲ್ಲವೋ, ಮಾಡಿದ್ದರೆ ವಾಪಸ್ ಹೋಗುತ್ತೇನೆ ಅಂದ.

ಇವರು ಒಳಗಿಂದ ಕೆಮ್ಮಿದರು. ಸುಮ್ಮನಿರು ಎಂದು ಆ ಕೆಮ್ಮು.

ಹೇಳಿದೆ. ಕಾಯಿ, ಕುಂಕುಮ, ಬೋಲ್ಟು, ಫೋನು. ಎಲ್ಲ.

ಹೊಡೆದ. ಅಂಗೈ ಬಿಚ್ಚಿ, ಎಡಗೆನ್ನೆಗೆ. ಕಿವಿಯಲ್ಲಿ ಇನ್ನೂ ಕುಕ್ಕರ್ ಸೀಟಿ ಹೊಡೆದ ಹಾಗೆ ಇದೆ. ನಾನು ಕೈ ಅಡ್ಡ ಹಿಡಿಯಲಿಲ್ಲ. ಹೊಡೆದು ಅವನೇ ಅಳತೊಡಗಿದ. ಚಿಕ್ಕವನಿದ್ದಾಗ ನನ್ನ ಸೊಂಟದ ಮೇಲೆ ಬೆಳೆದವನು.

"ಅಮಾಸಿ ತನಕ ನಿನಗ ಬಿಟ್ಟೀನಬೇ ಅಕ್ಕ. ಆ ಸೂಳೆಮಗನ ಮಾರಿಗೆ, ನಾಕು ಮಂದಿ ಮುಂದ ನೀನೇ ಹೇಳಬೇಕು. ನೀ ಹೇಳಿದ್ರ ಮಚ್ಚು ಒಳಗ ಇಡ್ತೀನಿ. ಹೇಳ್ಲಿಲ್ಲ ಅಂದ್ರ ಅವನ ತೆಲಿ ತಗೀತೀನಿ, ಗಾಳೆಪ್ಪಗ ಒಂದು ಕೇಸ್ ಆದ್ರ ನನಗೊಂದು."

ಅಮಾವಾಸ್ಯೆ ಭಾನುವಾರ.

ನ. 29, ಶುಕ್ರವಾರ

ಇವತ್ತೂ ಉಪವಾಸ. ಉಜ್ಜಿನಪ್ಪನಿಗೆ ಆರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ನೇರ ಸ್ಟೇಷನ್ನಿಗೇ ಹೋಗಿ ಹೇಳೋಣ ಎಂದು ರಿಂಗ್ ತೆಗೆಯಲು ಕರಡಿಗೆ ತೆರೆದೆ. ಬರೀ ಕುಂಕುಮ. ಇವರು ಕಾಲುವೆಗೆ ಎಸೆದು ಬಂದಿದ್ದಾರೆ. ಕಣ್ಣು ಕಾಣದವರು ಗೋಡೆ ಹಿಡಿದುಕೊಂಡು ಕಾಲುವೆ ತನಕ ಹೋಗಿದ್ದಾರೆ ಅದಕ್ಕಾಗಿ.

ಅಂಗಡಿ ಸುಡುತ್ತಾರೆ, ನನಗೆ ಓಡಲೂ ಕಾಣುವುದಿಲ್ಲ ಅಂದರು. ನಿಜ. ಆದರೂ ಎರಡೂ ಕೈಯಿಂದ ಎದೆಗೆ ನೂಕಿದೆ. ಹಳೇ ಬ್ಯಾಟರಿಗಳ ಮೇಲೆ ಬಿದ್ದರು. ಮೊಣಕೈ ಹರಿಯಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಇವರ ಮೇಲೆ ಕೈ ಮಾಡಿದ್ದು. ಆ ಕ್ಷಣ ಇನ್ನೊಮ್ಮೆ ನೂಕಬೇಕು ಅನ್ನಿಸಿತು. ದೇವರ ಮುಂದೆ ಹೇಳುತ್ತೇನೆ, ಅನ್ನಿಸಿತು.

ಆಮೇಲೆ ಗಾಯ ತೊಳೆದೆ. 

ಡಿಸೆಂಬರ್ 1, ಭಾನುವಾರ, ಅಮಾವಾಸ್ಯೆ

ಒಂದೊಂದಾಗಿ ಬರೆಯುತ್ತೇನೆ. ಬಾಯಿ ಊದಿದೆ, ಕೈ ಸರಿ ಇದೆ.

ಹತ್ತು ಗಂಟೆಗೆ ಜೀಪು ಬಂತು. ಬರುತ್ತದೆಂದು ಗೊತ್ತಿತ್ತು. ಮನುಷ್ಯನ ಹೊಟ್ಟೆಯ ಮೇಲೆ ನಿಂತವನೂ ಪೂಜೆ ತಪ್ಪಿಸುವುದಿಲ್ಲ. ಉಜ್ಜಿನಪ್ಪ, ಹೊಸ ಡ್ರೈವರ್, ಇನ್ನಿಬ್ಬರು. ಪೂಜೆಗೆ ಬಂದ ಆಟೊದವರು ಎಂಟು ಹತ್ತು ಜನ. ಎದುರಿನ ಚಹಾ ಅಂಗಡಿಯಲ್ಲಿ ಎರ್ರಿಯಪ್ಪ, ಪಕ್ಕದಲ್ಲಿ ಗೋಣಿ.

ಕಾಯಿ ಮುಟ್ಟಲಿಲ್ಲ. ಹತ್ತರ ಪಾನಾ ತೆಗೆದುಕೊಂಡು ಎಡಗಡೆ ಬಾಗಿಲು ತೆರೆದು, ಕೀ ಆನ್ ಮಾಡು, ಹೆಡ್‌ಲೈಟ್ ಹಾಕು ಎಂದು ಡ್ರೈವರ್‌ಗೆ ಹೇಳಿದೆ. ಉಜ್ಜಿನಪ್ಪನನ್ನು ಕರೆದೆ. ಆಟೊದವರನ್ನೂ ಕರೆದೆ. ಬೋಲ್ಟು ಸಡಿಲ ಮಾಡಿದೆ. ಮುಳ್ಳು ಅರ್ಧಕ್ಕೆ ಬಿತ್ತು. ಬಿಗಿ ಮಾಡಿದೆ. ಏರಿತು. ಮೂರು ಸಲ ಮಾಡಿ ತೋರಿಸಿದೆ. ಆಮೇಲೆ ನನ್ನ ಪೂಜೆಯ ನೀರು ಗಾಜಿನ ಬುಡದಿಂದ ಇಲ್ಲಿಗೆ ಇಳಿದ ದಾರಿ ಬೆರಳಿಟ್ಟು ತೋರಿಸಿದೆ.

"ಇದು ನನ್ನ ಕೈಯಿಂದ ಆಗಿದ್ದು ಸಾವುಕಾರ್ರ. ಗಾಳೆಪ್ಪ ಪೈಪ್ ಬಿಟ್ಟಿಲ್ಲ, ಡೀಸೆಲ್ ಮುಟ್ಟಿಲ್ಲ. ಅವತ್ತ ಫೋನಿನ್ಯಾಗ ಹೇಳ್ಬೇಕಿತ್ತು, ಹೇಳ್ಲಿಲ್ಲ."

 ಆಟೊದವನೊಬ್ಬ ಹಲ್ಲಿನಲ್ಲಿ ಚ್ ಅಂದ. ಉಜ್ಜಿನಪ್ಪ ಮುಳ್ಳನ್ನೇ ನೋಡುತ್ತಿದ್ದ. ನಂಬಿದ. ಅದು ಅವನ ಮುಖದಲ್ಲಿ ಕಂಡಿತು. ನಂಬಿದ್ದೇ ಕೆಟ್ಟದ್ದಾಯಿತು.

"ಅಂದ್ರ ನಾನು ಸುಮ್ಮ ಸುಮ್ಮನ ಹೊಡದೆ ಅಂತೀಯ. ಇಷ್ಟು ಮಂದಿ ಮುಂದ."

ಹೌದ್ರಿ ಅಂದೆ.

ಜಡೆಗೆ ಕೈ ಹಾಕಿ ನನ್ನ ಮುಖವನ್ನು ಬಾನೆಟ್ಟಿಗೆ ಬಡಿದ. ಎರಡು ಸಲ. ಮೂರನೆಯದೂ ಇರಬಹುದು. ಬಿಳಿ ಬಣ್ಣದ ಮೇಲೆ ನನ್ನ ರಕ್ತ ಹರಿಯುವುದು ಕಂಡಿತು, ಒಂದು ಹಲ್ಲೂ ಕಂಡಿತು. ಅಮ್ಮನ ಹೆಸರು ಬಾಯಿಗೆ ಬರಲಿಲ್ಲ. ಇವರು ಸ್ಟೂಲ್ ಬಿಟ್ಟು ಸದ್ದು ಬಂದ ಕಡೆ ಸುತ್ತಿಗೆ ಬೀಸಿದರು. ಜೀಪಿನ ಹೆಡ್‌ಲೈಟ್ ಒಡೆಯಿತು. ಅವನ ಆಳು ಇವರ ಹೊಟ್ಟೆಗೆ ಒದ್ದ.

ಎರ್ರಿಯಪ್ಪ ರಸ್ತೆ ದಾಟಿ ಬಂದ. ಗೋಣಿ ಇರಲಿಲ್ಲ, ಮಚ್ಚು ಇತ್ತು. ಬಿದ್ದಲ್ಲಿಂದಲೇ ಅವನ ಕಾಲು ತಬ್ಬಿದೆ. ಹೇಳೀನಲ್ಲೋ ಎರ್ರ್ಯಾ, ಹೇಳೀನಿ ಅಂದೆ. ಬಾಯಲ್ಲಿ ರಕ್ತ, ಮಾತು ಗುಳುಗುಳು. ಕೇಳಿಸಿತೋ ಇಲ್ಲವೋ. ನನ್ನನ್ನು ಎಳೆದುಕೊಂಡೇ ಎರಡು ಹೆಜ್ಜೆ ಹೋದ. ಮಚ್ಚು ಎತ್ತಿದ. ಉಜ್ಜಿನಪ್ಪ ಎರಡೂ ಕೈ ತಲೆಗೆ ಅಡ್ಡ ಹಿಡಿದು ಕೂತುಬಿಟ್ಟ. ಏಟು ಬಿದ್ದದ್ದು ಜೀಪಿನ ಗಾಜಿಗೆ. ಆಮೇಲೆ ಬಾನೆಟ್ಟಿಗೆ, ಟೈರಿಗೆ, ಮೀಟರ್ ಬೋರ್ಡಿಗೆ. ಕಬ್ಬು ಕಡಿದ ಹಾಗೆ ಕಡಿದ. ಕೈ ಸೋತ ಮೇಲೆ ನಿಂತ.

ಆಟೊದವರು ಫೋನಿನಲ್ಲಿ ಹಿಡಿದಿದ್ದಾರೆ. ನನ್ನ ಮಾತೂ ಅದರಲ್ಲಿದೆ ಅಂದರು.

ಹೋಗುವಾಗ ಉಜ್ಜಿನಪ್ಪ, ಸ್ಟೇಷನ್ ಮೆಟ್ಟಿಲು ಹತ್ತಿದರೆ ಅಂಗಡಿಯೊಳಗೆ ನಿಮ್ಮಿಬ್ಬರನ್ನೂ ಹಾಕಿ ಸುಡುತ್ತೇನೆ ಅಂದ. ಮೆಲ್ಲಗೆ ಹೇಳಿದ. ಅದಕ್ಕೇ ನಂಬುತ್ತೇನೆ.

ಡಿ. 3, ಮಂಗಳವಾರ, ಬೆಳಿಗ್ಗೆ 6

ಹತ್ತೂವರೆಗೆ ಸ್ಟೇಷನ್. ಗಾಯತ್ರಿ ಜೊತೆಗೆ ಬರುತ್ತಾಳೆ. ಇವರೂ ಬರುತ್ತೇನೆ ಅಂದಿದ್ದಾರೆ. ಪಕ್ಕೆ ನೋವು, ಆದರೂ ಅಂಗಿ ತೊಟ್ಟು ಕೂತಿದ್ದಾರೆ. ಗಾಯತ್ರಿ ತೋರಿಸಿದ ವಿಡಿಯೊ ಸಾಲದು, ನಿಮ್ಮ ಕೈಯಲ್ಲೇ ಬರೆದುಕೊಡಬೇಕು ಎಂದಿದ್ದಾರೆ ಪೊಲೀಸರು. ಹಾಗಾದರೆ ಮಾತ್ರ ಗಾಳೆಪ್ಪನ ಮೇಲಿನ ಕೇಸು ಬೀಳುತ್ತದೆ. ಏಳನೇ ಕ್ಲಾಸಿನವಳು, ಅಲ್ಲಿ ಹೋಗಿ ತಪ್ಪಬಾರದು. ಇಲ್ಲಿ ಒಮ್ಮೆ ಬರೆದು ನೋಡುತ್ತೇನೆ.

ನಾನು ಹೊಳೆಮ್ಮ, ಗಂಡನ ಹೆಸರು ಹುಲಿಗೇಶ್, ವಯಸ್ಸು ಐವತ್ತು, ಚಿತ್ತವಾಡ್ಗಿ, ಗಾಡಿಗಳ ವೈರಿಂಗ್ ಕೆಲಸ. ಉಜ್ಜಿನಪ್ಪನವರ ಬಿಳಿ ಜೀಪಿನ ಡೀಸೆಲ್ ಮುಳ್ಳು ಕೆಟ್ಟದ್ದು ಎಡಗಡೆಯ ಅರ್ತ್ ಬೋಲ್ಟ್ ಕೊಳೆತದ್ದರಿಂದ. ಬೋಲ್ಟ್ ಕೊಳೆತದ್ದು ಎರಡು ವರ್ಷ ನಾನು ಸುರಿದ ಪೂಜೆಯ ನೀರಿನಿಂದ. ಡ್ರೈವರ್ ಗಾಳೆಪ್ಪ ಅದನ್ನು ಮುಟ್ಟಿಲ್ಲ. ಡೀಸೆಲ್ ಕದ್ದಿಲ್ಲ. ಟ್ಯಾಂಕ್ ತುಂಬಿದ್ದನ್ನು ನಾನೇ ಕೋಲು ಇಳಿಸಿ ನೋಡಿದ್ದೇನೆ.

ಇದು ನನಗೆ ನವೆಂಬರ್ 21ರ ಬೆಳಿಗ್ಗೆ ಗೊತ್ತಾಯಿತು. ಅವನನ್ನು ಶೆಡ್ಡಿಗೆ ಕರೆಸಿದ್ದು 23ಕ್ಕೆ. ನಡುವೆ ಎರಡು ದಿನ ಇತ್ತು. ಫೋನ್ ನನ್ನ ಕೈಯಲ್ಲೇ ಇತ್ತು. ನಾನು ಹೇಳಲಿಲ್ಲ.

ಹೇಳಲಿಲ್ಲ ಯಾಕೆ ಅಂದರೆ —